ಓದುಗರ ಪ್ರಶ್ನೆ: ಮಗಳು ಓದಿನಲ್ಲಿ ಓಡುತ್ತಿದ್ದಾಳೆ, ತಡೆಯಲಾ, ಬಿಡಲಾ?

ಟೀಚರ್, ನಮಸ್ಕಾರ. ನಮ್ಮದು ದಾವಣಗೆರೆ, ವಿದ್ಯಾನಗರ. ಮಗಳಿಗೆ ಈಗ ನಾಲ್ಕು ವರ್ಷ ಏಳು ತಿಂಗಳು. ಕಳೆದ ಜೂನ್‌ನಲ್ಲಿ ಹತ್ತಿರದ ಒಂದು ಶಾಲೆಗೆ ಎಲ್‌ಕೆಜಿಗೆ ಸೇರಿಸಿದ್ದೆವು. ದಿನಾ ಮೂರು ಪುಟ ಬರೆಯುವ ಹೋಂವರ್ಕ್ ಕೊಡುತ್ತಿದ್ದರು. ಬೆಳಗ್ಗೆ ಎದ್ದರೆ ಅಳು. ದಸರಾ ರಜೆ ಮುಗಿದ ಮೇಲೆ ನಾವೇ ಕಳಿಸಲಿಲ್ಲ, ಮನೆಯಲ್ಲೇ ಕಲಿಸೋಣ ಅಂತ ಶುರು ಮಾಡಿದೆ. ಟೀಚರ್, ಅವಳು ಅಕ್ಷರಮಾಲೆ ಐದು ವಾರಕ್ಕೆ ಮುಗಿಸಿದಳು. ಸಂಕ್ರಾಂತಿ ಹೊತ್ತಿಗೆ ಕಾಗುಣಿತ ಬಂತು. ದಿನಕ್ಕೊಂದು ಪಾಠ ಅಂತ ನಾನು ನೂರು ಪಾಠದ ಪಟ್ಟಿ ಮಾಡಿಟ್ಟಿದ್ದೆ. ಅವಳು ಒಂದೇ ದಿನ ಮೂರು, ನಾಲ್ಕು ಪಾಠ ಮಾಡಿಬಿಡುತ್ತಾಳೆ, ‘ಇನ್ನೊಂದು, ಇನ್ನೊಂದು’ ಅಂತಾಳೆ. ಆಮೇಲೆ ನಾಲ್ಕು ದಿನ ಪುಸ್ತಕ ಮುಟ್ಟುವುದಿಲ್ಲ. ಈಗ ಒತ್ತಕ್ಷರಕ್ಕೆ ಬಂದು ನಿಂತಿದ್ದಾಳೆ. ಮೊನ್ನೆ ಹೋಟೆಲ್ ಬೋರ್ಡ್ ನೋಡಿ ‘ಬೆಣೆಣ ದೋಸೆ’ ಅಂತ ಓದಿದಳು, ಮಂಡಕ್ಕಿಗೆ ‘ಮಂಡಕಿಕ’ ಅಂದಳು. ನಾವೆಲ್ಲ ನಕ್ಕೆವು, ಅವಳಿಗೆ ಸಿಟ್ಟು ಬಂತು. ನಮ್ಮ ಮನೆಯವರು ‘ಓಡಲಿ ಬಿಡು, ಒಂದನೇ ಕ್ಲಾಸ್ ಪುಸ್ತಕ ತರ್ತೀನಿ’ ಅಂತಾರೆ. ಅತ್ತೆ ‘ಇಷ್ಟು ಸಣ್ಣ ಕೂಸಿಗೆ ಇದೆಲ್ಲ ಬೇಡ, ಆಡ್ಲಿ’ ಅಂತಾರೆ. ದಿನಕ್ಕೆ ಎಷ್ಟು ಪಾಠ ಮಾಡಬೇಕು? ನಾನು ತಡೆಯಬೇಕಾ, ಬಿಡಬೇಕಾ?

— ಒಬ್ಬ ತಾಯಿ, ದಾವಣಗೆರೆ

ನೋಡಮ್ಮಾ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹೊಸದು ದಿನಕ್ಕೆ ಒಂದೇ, ಅದೂ ಹತ್ತು ಹನ್ನೆರಡು ನಿಮಿಷ. ‘ಇನ್ನೊಂದು’ ಅಂತ ಕೇಳಿದರೆ ಹೊಸ ಪಾಠ ಕೊಡಬೇಡಿ. ಅವಳಿಗೆ ಆಗಲೇ ಬರುವ ಅಕ್ಷರಗಳಲ್ಲೇ ಇರುವ ಇನ್ನೊಂದು ಕಥೆ ಕೊಡಿ. ಎಷ್ಟು ಕಥೆ ಕೇಳಿದರೂ ಕೊಡಿ. ನಿಮ್ಮ ಪತ್ರ ಎರಡು ಸಲ ಓದಿದೆ, ಅದರಲ್ಲಿ ಪಾಠದ ಲೆಕ್ಕ ಇದೆ, ಅಕ್ಷರದ ಲೆಕ್ಕ ಇದೆ, ಒಂದೇ ಒಂದು ಕಥೆಪುಸ್ತಕದ ಮಾತು ಇಲ್ಲ. ಮಗುವಿಗೆ ಹಸಿವು ಇದೆ, ನೀವು ಒಲೆಯ ಮೇಲೆ ಮಾಡುವ ವಿಧಾನ ಹೇಳಿಕೊಡುತ್ತಾ ಇದ್ದೀರಿ, ತಟ್ಟೆಗೆ ಬಡಿಸುತ್ತಿಲ್ಲ.

ಇನ್ನು ‘ಬೆಣೆಣ ದೋಸೆ’ಗೆ ಬರುತ್ತೇನೆ, ಯಾಕಂದರೆ ನಿಮ್ಮ ಪ್ರಶ್ನೆಯ ಜೀವ ಇರುವುದೇ ಅಲ್ಲಿ.

ಅವಳು ತಪ್ಪು ಓದಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಓದಿದ್ದಾಳೆ. ‘ಣ್ಣೆ’ ಅನ್ನುವ ಅಕ್ಷರವನ್ನು ನೀವೇ ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ. ಏತ್ವ ಮೇಲಿನ ಣಕಾರದ ತಲೆಯ ಮೇಲೆ ಕೂತಿದೆ, ಒತ್ತು ಕೆಳಗಿದೆ. ಮಗು ಮೇಲಿನದನ್ನು ಮೊದಲು ‘ಣೆ’ ಅಂತ ಓದಿತು, ಆಮೇಲೆ ಕೆಳಗಿನ ‘ಣ’ ಓದಿತು. ಮಂಡಕ್ಕಿಯಲ್ಲೂ ಅದೇ, ಗುಡಿಸು ಮೇಲಿನ ಕಕಾರಕ್ಕಿದೆ, ಬಾಯಲ್ಲಿ ಮಾತ್ರ ಅದು ಒತ್ತಿನ ಜೊತೆ ಬರಬೇಕು. ಇದುವರೆಗೆ ಕಂಡ ಹಾಗೆ ಓದಿದರೆ ಸರಿ ಆಗುತ್ತಿತ್ತು, ಈಗ ಸರಿ ಆಗುತ್ತಿಲ್ಲ. ಅವಳಿಗೆ ಸಿಟ್ಟು ಬಂದಿದ್ದರಲ್ಲಿ ನ್ಯಾಯ ಇದೆ. ದಯವಿಟ್ಟು ಇನ್ನೊಮ್ಮೆ ನಗಬೇಡಿ, ‘ನೀನು ಸರಿಯಾಗೇ ನೋಡಿದೀಯ, ಇಲ್ಲಿ ಒಂದು ಹೊಸ ರೂಲ್ ಇದೆ, ಹೇಳಿಕೊಡ್ತೀನಿ’ ಅನ್ನಿ.

ನಿಮ್ಮೂರಿನ ಬಸ್ ಸ್ಟ್ಯಾಂಡಿಗೆ ಒಂದು ಸಂಜೆ ಅವಳನ್ನು ಕರೆದುಕೊಂಡು ಹೋಗಿ. ‘ದಾವಣಗೆರೆ’ ಅಂತ ಬರೆದಿರುವ ಬೋರ್ಡ್ ತೋರಿಸಿ. ದಾ, ವ, ಣ, ಗೆ, ರೆ. ಐದೂ ಕಾಗುಣಿತದ್ದೇ, ಒತ್ತು ಒಂದೂ ಇಲ್ಲ. ಹರಿಹರ, ಜಗಳೂರು, ಭರಮಸಾಗರ, ಹಿರಿಯೂರು ಇವೆಲ್ಲ ಹಾಗೇ, ಓದಿಬಿಡುತ್ತಾಳೆ, ಖುಷಿ ಆಗುತ್ತದೆ. ಆಮೇಲೆ ಚನ್ನಗಿರಿ, ಹೊನ್ನಾಳಿ, ಚಳ್ಳಕೆರೆ ಬರುತ್ತವೆ, ಒಂದೊಂದು ಒತ್ತು. ಕೊನೆಗೆ ‘ಚಿತ್ರದುರ್ಗ’. ತಕಾರದ ಕೆಳಗೆ ರ ಒತ್ತು, ಅದು ರಕಾರದ ಹಾಗೆ ಕಾಣುವುದೇ ಇಲ್ಲ. ಮುಂದೆ ಅರ್ಕಾವತ್ತು. ಅದನ್ನು ಬರೆಯುವುದು ಗಕಾರ ಆದ ಮೇಲೆ, ಓದುವುದು ಗಕಾರಕ್ಕಿಂತ ಮುಂಚೆ. ಎಡದಿಂದ ಬಲಕ್ಕೆ ಓದು ಅಂತ ಇಷ್ಟು ದಿನ ನಾವೇ ಹೇಳಿಕೊಟ್ಟು ಈಗ ನಾವೇ ಹಿಂದಕ್ಕೆ ತಿರುಗು ಅನ್ನುತ್ತಿದ್ದೇವೆ, ಅಲ್ವಾ? ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಓದಲು ಕಲಿಯುವ ಮಗುವಿಗೆ ಈ ಎರಡು ಬೋರ್ಡುಗಳ ನಡುವೆ ಕೆಲವು ಸಲ ಒಂದು ವರ್ಷ ಇರುತ್ತದೆ.

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೂ ಕಾಗುಣಿತ ಬರೆದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಅಕ್ಷರ ಕಲಿಯುವುದಕ್ಕಿಂತ ನಮ್ಮ ಅಕ್ಷರ ಪೂರ್ತಿ ಕೈಗೆ ಹತ್ತುವುದಕ್ಕೆ ತುಂಬಾ ಜಾಸ್ತಿ ಸಮಯ ಬೇಕು, ಅದು ಮೂರು, ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ನಿಮ್ಮ ಮಗಳ ವೇಗ ಕಮ್ಮಿ ಆಯಿತು ಅಂತ ತಿಳಿಯಬೇಡಿ, ದಾರಿಯೇ ಏರು ಬಂದಿದೆ. ಚುರುಕಾದ ಮಕ್ಕಳಿಗೆ ಇದು ಇನ್ನೂ ಕಷ್ಟ. ಇದುವರೆಗೆ ಅವರಿಗೆ ಯಾವುದೂ ಕಷ್ಟ ಆಗಿಲ್ಲವಲ್ಲ, ಮೊದಲನೇ ಸಲ ತಡೆದಾಗ ‘ನನಗೆ ಬರಲ್ಲ’ ಅಂತ ಪುಸ್ತಕ ಎಸೆಯುತ್ತಾರೆ.

ಒತ್ತಕ್ಷರಕ್ಕೆ ಒಂದು ಕ್ರಮ ಹೇಳುತ್ತೇನೆ, ಇದು ನಾನು ಇಪ್ಪತ್ತೇಳು ವರ್ಷ ಒಂದನೇ ತರಗತಿಗೆ ಹೇಳಿಕೊಟ್ಟ ಅನುಭವ. ಒತ್ತುಗಳಲ್ಲಿ ಎರಡು ಜಾತಿ. ಕ, ಗ, ಜ, ಟ, ಡ, ಣ, ಪ, ಬ, ವ, ಳ ಇವುಗಳ ಒತ್ತು ನೋಡಿದರೆ ಮೂಲ ಅಕ್ಷರದ ಗುರುತು ಸಿಗುತ್ತದೆ, ತಲಕಟ್ಟು ಇದ್ದರೆ ಅದನ್ನು ತೆಗೆದು ಕೆಳಗೆ ಇಟ್ಟ ಹಾಗೆ. ತ, ನ, ಮ, ಯ, ರ, ಲ ಈ ಆರರ ಒತ್ತು ಬೇರೆಯೇ ಆಕಾರ. ಮೊದಲು ಗುರುತು ಸಿಗುವವನ್ನು ಮಾಡಿ. ಅಕ್ಕ, ಅಜ್ಜ, ಅಪ್ಪ, ಅಣ್ಣ, ಹಬ್ಬ, ಅವ್ವ, ಬಳ್ಳ. ಇಲ್ಲಿ ಗುಡಿಸು, ಏತ್ವ ಏನೂ ಇಲ್ಲ, ಬರೀ ಒತ್ತು. ಇದು ನೀರು ಕುಡಿದಷ್ಟು ಸಲೀಸಾದ ಮೇಲೆ ಅಜ್ಜಿ, ಹಳ್ಳಿ, ರೊಟ್ಟಿ, ಮಂಡಕ್ಕಿ, ಬೆಣ್ಣೆ. ಅದಾದ ಮೇಲೆ ಆ ಆರು. ಅಮ್ಮ, ತಮ್ಮ, ಅನ್ನ, ಕತ್ತೆ, ಬೆಲ್ಲ, ಅಯ್ಯ. ‘ಅಮ್ಮ’ ಅವಳು ಆಗಲೇ ಓದುತ್ತಾಳೆ ಅಂತೀರಿ, ಓದುತ್ತಾಳೆ, ಆದರೆ ಅದು ಚಿತ್ರದ ಹಾಗೆ ಮನಸ್ಸಿನಲ್ಲಿ ಕೂತಿದೆ. ‘ಗುಮ್ಮ’ ಬರೆದು ತೋರಿಸಿ, ಆಗ ಗೊತ್ತಾಗುತ್ತದೆ. ಪುಸ್ತಕ, ಚಂದ್ರ, ಸೂರ್ಯ ಥರ ಎರಡು ಬೇರೆ ಅಕ್ಷರ ಸೇರುವ ಒತ್ತು ಎಲ್ಲಕ್ಕಿಂತ ಕೊನೆಗೆ.

ಹೇಳಿಕೊಡುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಚಪ್ಪಾಳೆ ತಟ್ಟಿ ಸಾಕು. ‘ಬೆಣ್’ ಒಂದು ಚಪ್ಪಾಳೆ, ‘ಣೆ’ ಇನ್ನೊಂದು. ‘ರೊಟ್’, ‘ಟಿ’. ಬಾಯಿ ಎಲ್ಲಿ ತಡೆದು ನಿಲ್ಲುತ್ತದೆ ಅಂತ ಅವಳಿಗೆ ಗೊತ್ತಾದರೆ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ. ವಾರಕ್ಕೆ ಎರಡು ಒತ್ತು ಸಾಕು. ಎರಡೇ ದಿನದಲ್ಲಿ ಬಂದರೆ? ಬರಲಿ, ಉಳಿದ ಐದು ದಿನ ಆ ಒತ್ತು ಇರುವ ಪದಗಳನ್ನು ಎಲ್ಲೆಲ್ಲಿ ಸಿಗುತ್ತದೋ ಅಲ್ಲಿ ಹುಡುಕಿಸಿ. ಮಂಡಕ್ಕಿ ಕಟ್ಟಿಕೊಡುವ ಪೇಪರ್ ಪೊಟ್ಟಣ ಇದೆಯಲ್ಲ, ಅದನ್ನು ಎಸೆಯಬೇಡಿ. ಬಿಡಿಸಿ ಚಪ್ಪಟೆ ಮಾಡಿ ಕೊಡಿ, ಒಂದು ಸ್ಕೆಚ್ ಪೆನ್ ಕೊಡಿ, ಕ ಒತ್ತು ಎಲ್ಲಿದೆ ಅಲ್ಲೆಲ್ಲ ಸುತ್ತು ಹಾಕು ಅನ್ನಿ. ನನ್ನ ತರಗತಿಯ ಒಬ್ಬ ಹುಡುಗಿ ಖಾರದ ಎಣ್ಣೆ ಅಂಟಿದ ಅಂಥ ಒಂದು ಚೂರನ್ನು ನಾಲ್ಕು ದಿನ ಪಾಟಿಚೀಲದಲ್ಲಿ ಇಟ್ಟುಕೊಂಡಿದ್ದಳು, ಅದರಲ್ಲಿ ಹದಿನಾರು ಒತ್ತು ಸಿಕ್ಕಿದ್ದವು, ಬಂದವರಿಗೆಲ್ಲ ಎಣಿಸಿ ತೋರಿಸುತ್ತಿದ್ದಳು.

ನೂರು ಪಾಠದ ಪಟ್ಟಿ ಹರಿದು ಹಾಕಿ ಅಂತ ಹೇಳುವುದಿಲ್ಲ, ಅದಕ್ಕೆ ನೀವು ಪಟ್ಟ ಶ್ರಮ ಗೊತ್ತಾಗುತ್ತದೆ. ಆದರೆ ಅದನ್ನು ದಿನಚರಿ ಮಾಡಿಕೊಳ್ಳಬೇಡಿ, ಏಣಿ ಮಾಡಿಕೊಳ್ಳಿ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಕೇಳಿರುತ್ತೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅದರಲ್ಲಿ ಇವತ್ತು ಸೋಮವಾರ, ಎಲ್ಲರೂ ಹನ್ನೆರಡನೇ ಪಾಠ ಅಂತ ಇಲ್ಲ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗು ತಾನಿರುವ ಮೆಟ್ಟಿಲು ನೋಡಿಕೊಂಡು ಆ ಕಾರ್ಡ್ ತೆಗೆದುಕೊಳ್ಳುತ್ತದೆ. ಆ ಮೆಟ್ಟಿಲಲ್ಲಿ ಕಲಿಯುವುದು ಇದೆ, ಆಡುವುದು ಇದೆ, ಅಭ್ಯಾಸ ಇದೆ, ಕಲಿತದ್ದನ್ನು ನೋಡುವುದು ಇದೆ, ಎಲ್ಲ ಆದ ಮೇಲೆ ಮುಂದಿನದು. ಅಲ್ಲಿ ಅ, ಆ, ಇ, ಈ ಕ್ರಮ ಕೂಡ ಇಲ್ಲ. ರ, ಗ, ಸ, ದ, ಅ ಇಂದ ಶುರು. ಈ ಐದೇ ಅಕ್ಷರ ಬಂದ ಮಗು ಸರ, ರಸ, ಅರಸ, ಅಗಸ, ಗರಗಸ ಓದುತ್ತದೆ. ಮೊದಲನೇ ವಾರವೇ ಓದು! ನಾನು ಆ ತರಗತಿಯಲ್ಲಿ ನೋಡಿದ್ದು ಏನೆಂದರೆ, ಬೇಗ ಏರುವ ಮಕ್ಕಳು ಕಲಿಯುವ ಕಾರ್ಡ್ ಬೇಗ ಮುಗಿಸುತ್ತಾರೆ, ಆಡುವ ಕಾರ್ಡಿಗೆ ಉಳಿದವರಷ್ಟೇ ಹೊತ್ತು ತೆಗೆದುಕೊಳ್ಳುತ್ತಾರೆ. ಅಭ್ಯಾಸ ಅರ್ಧ ಮಾಡಿದರೂ ನಡೆಯುತ್ತದೆ, ಆಟ ಅರ್ಧ ಮಾಡಿಸಿದರೆ ಅವರು ಒಪ್ಪುವುದಿಲ್ಲ.

ಮುಂದಿನ ಮೆಟ್ಟಿಲಿಗೆ ಹೋಗಬಹುದಾ ಅಂತ ತಿಳಿಯುವುದಕ್ಕೆ ನನ್ನ ಲೆಕ್ಕ ಇದು. ನಿನ್ನೆ ಕಲಿತದ್ದು ಇರುವ, ಆದರೆ ಅವಳು ಹಿಂದೆ ನೋಡಿರದ ಒಂದು ಪುಟ ಕೊಡಿ, ಮೂವತ್ತು ನಲವತ್ತು ಪದ ಇರಲಿ. ಮೂರ್ನಾಲ್ಕು ಕಡೆ ತಡೆದರೆ ಸರಿಯಾದ ಜಾಗದಲ್ಲಿದ್ದಾಳೆ. ಎಂಟು ಹತ್ತು ಕಡೆ ತಡೆದರೆ ಒಂದು ಮೆಟ್ಟಿಲು ಕೆಳಗಿನ ಕಥೆ ಕೊಡಿ. ಎಲ್ಲೂ ತಡೆಯದೆ ಓದಿದರೆ ತಕ್ಷಣ ಮುಂದಕ್ಕೆ ಹೋಗಬೇಡಿ, ಪುಸ್ತಕ ಮುಚ್ಚಿ ಒಂದು ಮಾತು ಕೇಳಿ.

ಆ ಒಂದು ಮಾತು ಕೇಳದೆ ಇದ್ದದ್ದು ನಾನು ಮಾಡಿದ ತಪ್ಪು. ನನ್ನ ದೊಡ್ಡ ಮಗ ಕೂಡ ನಿಮ್ಮ ಮಗಳ ಹಾಗೇ. ನಾಲ್ಕೂವರೆಗೆ ಒತ್ತಕ್ಷರ ಎಲ್ಲ ಮುಗಿಸಿದ್ದೆ. ಮನೆಗೆ ಯಾರೇ ಬಂದರೂ ಪೇಪರ್ ಕೊಟ್ಟು ಓದಿಸುತ್ತಿದ್ದೆ, ಅವನು ಗಡಗಡ ಓದುತ್ತಿದ್ದ, ಬಂದವರು ಬೆರಗಾಗುತ್ತಿದ್ದರು, ನನಗೆ ಹೆಮ್ಮೆ. ಒಂದು ಮಧ್ಯಾಹ್ನ ಒಂದು ಸಣ್ಣ ಕಥೆ ಓದಿದ, ಅಜ್ಜಿ ಕೊಡ ತೆಗೆದುಕೊಂಡು ಬಾವಿಗೆ ಹೋಗುತ್ತಾಳೆ, ಹಗ್ಗ ಬಾವಿಗೆ ಬೀಳುತ್ತದೆ, ಅಷ್ಟೇ. ಒಂದು ಅಕ್ಷರ ತಪ್ಪಿಲ್ಲ. ನಾನು ಸುಮ್ನೆ ‘ಅಯ್ಯೋ, ಈಗ ಅಜ್ಜಿ ನೀರು ಹೆಂಗೆ ಸೇದ್ತಾಳೋ?’ ಅಂದೆ. ‘ಯಾವ ಅಜ್ಜಿ?’ ಅಂದ. ನನಗೆ ಕೈಕಾಲು ಆಡಲಿಲ್ಲ. ಆರು ತಿಂಗಳು ನಾನು ಕಲಿಸಿದ್ದು ಓದು ಅಲ್ಲ, ಅಕ್ಷರಗಳಿಗೆ ಶಬ್ದ ಹೊರಡಿಸುವುದು. ಅದನ್ನು ಸರಿ ಮಾಡುವುದಕ್ಕೆ ಮತ್ತೆ ಎರಡು ವರ್ಷ ಹಿಡಿಯಿತು. ರಾತ್ರಿ ಮಲಗುವಾಗ ನಾನು ಓದುವುದು, ಅವನು ಕೇಳುವುದು, ಅದೊಂದೇ ಔಷಧಿ ಆಯಿತು. ಆದ್ದರಿಂದ ನಿಮಗೆ ಕೈಮುಗಿದು ಕೇಳುತ್ತೇನೆ, ಅವಳು ಓದುವ ಪುಸ್ತಕ ಬೇರೆ ಇರಲಿ, ನೀವು ಅವಳಿಗೆ ಓದಿ ಹೇಳುವ ಪುಸ್ತಕ ಬೇರೆ ಇರಲಿ. ನೀವು ಓದುವುದು ಅವಳ ಮಟ್ಟಕ್ಕಿಂತ ಮೇಲಿನದೇ ಆಗಲಿ, ಉದ್ದನೆಯ ಕಥೆ, ಹೊಸ ಹೊಸ ಮಾತು. ಆ ಹೊತ್ತಿನಲ್ಲಿ ‘ಇದು ಯಾವ ಅಕ್ಷರ ಹೇಳು’ ಅಂತ ಒಂದು ಸಲವೂ ಕೇಳಬೇಡಿ.

ಕೇಳುವ ಪ್ರಶ್ನೆ ಪರೀಕ್ಷೆಯ ಥರ ಇರಬಾರದು. ‘ನೀನಾಗಿದ್ರೆ ಏನ್ ಮಾಡ್ತಿದ್ದೆ?’ ಅಂತ ಕೇಳಿದರೆ ಸಾಕು, ಅರ್ಥ ಆಗಿದೆಯೋ ಇಲ್ಲವೋ ಅವಳ ಮುಖವೇ ಹೇಳುತ್ತದೆ.

ಇನ್ನೊಂದು ಗುರುತು ಇದೆ, ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ. ಪುಸ್ತಕದಲ್ಲಿ ‘ಹೋಗುತ್ತಾಳೆ’ ಅಂತ ಇರುತ್ತದೆ, ಮಗು ‘ಹೋಗ್ತಾಳೆ’ ಅಂತ ಓದುತ್ತದೆ. ‘ಇಲ್ಲ’ ಅನ್ನುವ ಕಡೆ ‘ಇಲ್ಲಾ’ ಅಂತ ಎಳೆಯುತ್ತದೆ. ತಕ್ಷಣ ತಿದ್ದಬೇಡಿ. ನಮ್ಮ ಕಡೆ ಮನೆಯಲ್ಲಿ ಯಾರು ‘ಹೋಗುತ್ತಾಳೆ’ ಅಂತಾರೆ ಹೇಳಿ? ಮಗು ಅರ್ಥ ಹಿಡಿದುಕೊಂಡು, ತನ್ನ ಬಾಯಿಯ ಮಾತಿಗೆ ತಿರುಗಿಸಿ ಓದಿದೆ. ಅರ್ಥ ಆಗದೆ ಇದ್ದರೆ ಹಾಗೆ ತಿರುಗಿಸುವುದಕ್ಕೆ ಆಗುವುದೇ ಇಲ್ಲ. ಅದು ಓದು ಶುರುವಾಗಿದೆ ಅನ್ನುವುದರ ಗುರುತು. ಪುಸ್ತಕದ ಮಾತು ಬೇರೆ ಥರ ಇರುತ್ತದೆ ಅಂತ ನೀವು ಓದಿ ಹೇಳುವಾಗ ಕೇಳಿ ಕೇಳಿ ಅವಳಿಗೇ ತಿಳಿಯುತ್ತದೆ.

ಬರೆಯುವುದನ್ನು ಓದಿನ ಜೊತೆ ಕಟ್ಟಬೇಡಿ. ಅವಳ ಕಣ್ಣು, ತಲೆ ಮುಂದೆ ಹೋಗಿವೆ, ಬೆರಳಿಗೆ ಮಾತ್ರ ನಾಲ್ಕೂವರೆ ವರ್ಷವೇ. ಶಾಲೆಯಲ್ಲಿ ಅಳು ಬಂದದ್ದು ಬರೆಯುವುದರಿಂದ, ಓದುವುದರಿಂದ ಅಲ್ಲ ಅಂತ ನಿಮ್ಮ ಪತ್ರದಲ್ಲೇ ಇದೆ. ‘ಕ್ಕ’ ಬರೆಯುವುದಕ್ಕೆ ಬರುವುದಿಲ್ಲ ಅಂತ ‘ಅಕ್ಕ’ ಓದುವುದನ್ನು ನಿಲ್ಲಿಸುವುದು ಅನ್ಯಾಯ. ರಾಗಿ ಹಿಟ್ಟು ಒಂದು ತಟ್ಟೆಯಲ್ಲಿ ಹರಡಿ ಬೆರಳಲ್ಲಿ ಬರೆಯಲಿ, ಅಂಗಳದಲ್ಲಿ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಬರೆಯಲಿ, ಚಪಾತಿ ಹಿಟ್ಟಿನಲ್ಲಿ ಅಕ್ಷರ ಮಾಡಲಿ. ನಾಲ್ಕು ಗೆರೆ ಪುಸ್ತಕಕ್ಕೆ ಇನ್ನೂ ಒಂದು ವರ್ಷ ತಡೆದರೂ ಏನೂ ಕೆಡುವುದಿಲ್ಲ.

ನಾಲ್ಕು ದಿನ ಮುಟ್ಟುವುದಿಲ್ಲ ಅಂದಿರಲ್ಲ, ಅದಕ್ಕೆ ಕಾರಣ ಆ ಮೂರು ನಾಲ್ಕು ಪಾಠದ ದಿನವೇ ಇರಬೇಕು. ಇನ್ನೂ ಆಸೆ ಇರುವಾಗಲೇ ನಿಲ್ಲಿಸಿದರೆ ನಾಳೆ ಅವಳೇ ಪುಸ್ತಕ ತರುತ್ತಾಳೆ. ಸಾಕಾಗುವ ತನಕ ಮಾಡಿಸಿದರೆ, ಸಾಕಾದದ್ದೇ ನೆನಪಿರುತ್ತದೆ. ಅಷ್ಟಾದರೂ ಒಂದೊಂದು ವಾರ ಬಿಟ್ಟೇ ಬಿಡುತ್ತಾಳೆ, ಬಿಡಲಿ. ವಾರ ಬಿಟ್ಟು ಬಂದ ಮಕ್ಕಳು ಹಿಂದೆ ತಡೆದಿದ್ದನ್ನು ಸಲೀಸಾಗಿ ಓದುವುದನ್ನು ಎಷ್ಟು ಸಲ ನೋಡಿದ್ದೇನೋ.

ಮನೆಯವರಿಗೆ ಹೇಳಿ, ಒಂದನೇ ತರಗತಿ ಪಠ್ಯಪುಸ್ತಕ ಬೇಡ, ಆ ದುಡ್ಡಿಗೆ ಕಥೆಪುಸ್ತಕ ತನ್ನಿ ಅಂತ. ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ತೆಳ್ಳಗಿವೆ, ಬೆಲೆ ಕಮ್ಮಿ, ಹಂತ 1ರಿಂದ 4ರವರೆಗೆ ಗುರುತು ಇರುತ್ತದೆ. ಅವರದ್ದೇ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಬೇಕಾದ ಪುಟ ಪ್ರಿಂಟ್ ಹಾಕಿಸಿಕೊಳ್ಳಬಹುದು, ಮಗುವಿನ ಕೈಗೆ ಮೊಬೈಲ್ ಕೊಡುವುದಕ್ಕಿಂತ ಅದು ಒಳ್ಳೆಯದು. ನಿಮ್ಮ ಮನೆಯವರ ಅವಸರಕ್ಕೆ ಒಂದು ಲೆಕ್ಕ ಕೂಡ ತೋರಿಸಿ. 2021ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ, ಶಾಲೆಗೆ ಮುಂಚಿನ ವರ್ಷಕ್ಕೆ ಇಟ್ಟಿರುವ ಗುರಿ ಎರಡು ಮೂರು ಅಕ್ಷರದ ಸರಳ ಪದ ಓದುವುದು. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಪದದ ಸಣ್ಣ ವಾಕ್ಯ. ಎರಡನೇ ತರಗತಿ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, ಅದೂ ಅರ್ಥ ಮಾಡಿಕೊಂಡು. ನಿಮ್ಮ ಮಗಳು ಈಗಾಗಲೇ ಎಲ್ಲಿದ್ದಾಳೆ ನೋಡಿ. ಯಾರನ್ನೂ ಹಿಡಿಯುವುದಕ್ಕೆ ಓಡಬೇಕಾಗಿಲ್ಲ. ಕಡ್ಡಾಯ ಶಿಕ್ಷಣದ ಕಾಯ್ದೆ ಹೇಳುವುದೂ 6ರಿಂದ 14 ವರ್ಷದ ಮಕ್ಕಳ ಬಗ್ಗೆ, ಅವಳು ಇನ್ನೂ ಆ ವಯಸ್ಸಿಗೇ ಬಂದಿಲ್ಲ.

ಅತ್ತೆಯವರ ಮಾತು ಅರ್ಧ ಅಲ್ಲ, ಮುಕ್ಕಾಲು ಸರಿ. ಆಡಲಿ. ಅವರ ಹತ್ತಿರ ಒಂದು ಕೆಲಸ ಕೊಡಿ, ದಿನಾ ಸಂಜೆ ಅವಳಿಗೆ ಒಂದು ಅಜ್ಜಿಕಥೆ, ಒಂದು ಒಗಟು. ಓದುವಾಗ ಮಗುವಿಗೆ ಅರ್ಥ ಸಿಗಬೇಕಾದರೆ ಆ ಮಾತು ಮೊದಲು ಕಿವಿಗೆ ಬಿದ್ದಿರಬೇಕು, ಆ ಕೆಲಸ ಅವರಿಗಿಂತ ಚೆನ್ನಾಗಿ ನಾನೂ ಮಾಡಲಾರೆ, ನೀವೂ ಮಾಡಲಾರಿರಿ.

ಮೇಡಂ, ನಾವು ಚಿತ್ರದುರ್ಗದವರು. ಮಗನಿಗೆ ಐದು ವರ್ಷ, ಮನೆಯಲ್ಲೇ ನಾನೇ ಓದಿಸುತ್ತೇನೆ. ಹನ್ನೊಂದು ಕಥೆಪುಸ್ತಕ ನೀರು ಕುಡಿದ ಹಾಗೆ ಓದುತ್ತಾನೆ. ಆದರೆ ಹೊಸ ಪುಸ್ತಕ ಕೊಟ್ಟರೆ ಚಿತ್ರ ನೋಡಿ ಏನೋ ಒಂದು ಹೇಳುತ್ತಾನೆ. ಅವನಿಗೆ ಓದಲು ಬರುತ್ತದೋ ಇಲ್ಲವೋ?

— ಒಬ್ಬ ತಂದೆ

ಅರ್ಧ ಬರುತ್ತದೆ. ಹನ್ನೊಂದು ಪುಸ್ತಕ ಅವನಿಗೆ ಬಾಯಿಪಾಠ ಆಗಿದೆ, ನೆನಪು ಚೆನ್ನಾಗಿರುವ ಮಕ್ಕಳು ಎಲ್ಲರೂ ಈ ಹಂತ ದಾಟಿಯೇ ಬರುತ್ತಾರೆ, ಮೋಸ ಮಾಡುತ್ತಿದ್ದಾನೆ ಅಂದುಕೊಳ್ಳಬೇಡಿ. ಚಿತ್ರ ಮುಚ್ಚಿ ಓದು ಅಂತ ಬಲವಂತ ಮಾಡುವುದೂ ಬೇಡ, ಚಿತ್ರವೇ ಅವನಿಗೆ ಧೈರ್ಯ. ಅದರ ಬದಲು ಅವನ ಪುಸ್ತಕದಿಂದಲೇ ಹತ್ತು ಪದ ಚೀಟಿಯಲ್ಲಿ ಬರೆದು, ಕಲಸಿ, ತಮಾಷೆಯ ಸಾಲು ಜೋಡಿಸಿ ಇಡಿ. ‘ಆನೆ ಮರ ಏರಿತು’ ಪುಸ್ತಕದಲ್ಲಿದ್ದರೆ ನೀವು ‘ಮರ ಆನೆ ಏರಿತು’ ಮಾಡಿ. ನೆನಪಿನಿಂದ ಓದುವ ಮಗು ಹಳೆಯ ಸಾಲನ್ನೇ ಹೇಳುತ್ತದೆ. ಅಕ್ಷರ ನೋಡುವ ಮಗು ಒಂದು ಕ್ಷಣ ನಿಂತು ಜೋರಾಗಿ ನಗುತ್ತದೆ. ಆ ನಗು ಬರುವ ತನಕ ಹೊಸ ಪಾಠ ಬೇಡ.

ನೀವು ಕೋಟೆಯ ಊರಲ್ಲೇ ಇದ್ದೀರಿ. ‘ಒನಕೆ ಓಬವ್ವನ ಕಿಂಡಿ’ ಅಂತ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಕಥೆ ಅವನಿಗೆ ಗೊತ್ತೇ ಇರುತ್ತದೆ. ಇನ್ನೊಂದು ಚೀಟಿಯಲ್ಲಿ ‘ಏಳು ಸುತ್ತಿನ ಕೋಟೆ’, ಮತ್ತೊಂದರಲ್ಲಿ ‘ಅಕ್ಕ ತಂಗಿ ಹೊಂಡ’. ಒಂದೊಂದು ಜಾಗಕ್ಕೂ ಅವನು ಚೀಟಿ ಓದಿ ನಿಮ್ಮನ್ನು ಕರೆದುಕೊಂಡು ಹೋಗಬೇಕು, ನೀವು ಅವನ ಹಿಂದೆ. ಒ ಮತ್ತು ಓ ಪಕ್ಕಪಕ್ಕದಲ್ಲೇ ಬರುವ ಇಂಥ ಸಾಲು ಹುಡುಕಿದರೂ ಸಿಗುವುದಿಲ್ಲ. ಮೊದಲನೇ ಸಲ ‘ಓನಕೆ’ ಅಂದರೆ ತಿದ್ದಬೇಡಿ, ‘ಓನಕೆ ಅಂದ್ರೆ ಏನಪ್ಪಾ?’ ಅಂತ ಕೇಳಿ, ಅವನೇ ವಾಪಸ್ ನೋಡುತ್ತಾನೆ. ಹಾಗೆ ವಾಪಸ್ ನೋಡುವ ಅಭ್ಯಾಸ ಬಂದರೆ ಹನ್ನೆರಡನೇ ಪುಸ್ತಕ ತಾನಾಗಿ ಓದುತ್ತಾನೆ.

ಕನ್ನಡ ಇಷ್ಟು ಬೇಗ ಬಂದಿದೆಯಲ್ಲ, ಇಂಗ್ಲಿಷ್ ಓದು ಈಗಲೇ ಜೊತೆಗೆ ಶುರು ಮಾಡಬಹುದಾ? ಮಗನಿಗೆ ಐದು ಮುಗಿಯುತ್ತಾ ಬಂತು. ಇಲ್ಲದಿದ್ದರೆ ಹಿಂದೆ ಬೀಳುತ್ತಾನೆ ಅಂತ ಎಲ್ಲರೂ ಹೆದರಿಸುತ್ತಾರೆ.

— ಹರಿಹರ ರಸ್ತೆಯ ಓದುಗರು, ದಾವಣಗೆರೆ

ಮಾತಾಡುವುದು, ಹಾಡು ಹೇಳುವುದು ಈಗಲೇ ಮಾಡಿ, ಎಷ್ಟು ಬೇಕಾದರೂ. ಓದುವುದಕ್ಕೆ ಮಾತ್ರ ಕೆಲವು ತಿಂಗಳು ತಡೆಯಿರಿ, ಕನ್ನಡದ ಒತ್ತಕ್ಷರ ಗಟ್ಟಿ ಆಗಲಿ. ಕಾರಣ ಇಷ್ಟೇ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಶಬ್ದ. ಕ ಅಂದರೆ ಕ. ಇಂಗ್ಲಿಷ್‌ನಲ್ಲಿ ಹೆಸರು ಒಂದು, ಶಬ್ದ ಇನ್ನೊಂದು. ಸಿ, ಎ, ಟಿ ಅಂತ ಹೇಳಿ ಕ್ಯಾಟ್ ಅಂತ ಓದಬೇಕು, ‘ಸಿ’ಯಲ್ಲಿ ಕಕಾರ ಎಲ್ಲಿದೆ ಅಂತ ಮಗು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಅದೇ ‘ಸಿ’ ಇನ್ನೊಂದು ಕಡೆ ಸಕಾರ ಆಗುತ್ತದೆ. ಒಂದು ಲಿಪಿ ನಂಬಿಕೆ ಕೊಟ್ಟ ಮೇಲೆ ಇನ್ನೊಂದರ ಹಟಮಾರಿತನ ತಡೆದುಕೊಳ್ಳುವುದು ಸುಲಭ, ಎರಡೂ ಒಟ್ಟಿಗೆ ಬಂದರೆ ಕನ್ನಡದಲ್ಲೂ ಊಹೆ ಮಾಡಿ ಓದುವುದಕ್ಕೆ ಶುರು ಮಾಡುತ್ತಾರೆ. ಶಬ್ದಗಳನ್ನು ಸೇರಿಸಿ ಪದ ಮಾಡುವ ಕೆಲಸ ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೂ ಅದೇ ಬರುತ್ತದೆ, ಅದನ್ನು ಮತ್ತೆ ಮೊದಲಿಂದ ಕಲಿಸಬೇಕಾಗಿಲ್ಲ. ಆದ್ದರಿಂದ ಈ ಕೆಲವು ತಿಂಗಳು ದಂಡ ಆಗುವುದಿಲ್ಲ.

ಅಷ್ಟರಲ್ಲಿ ಬಿಸ್ಕತ್ ಪೊಟ್ಟಣ, ಬಸ್ ನಂಬರ್, ಅಂಗಡಿ ಬೋರ್ಡ್ ನೋಡಿ ‘ಇದೇನು?’ ಅಂತ ಅವನೇ ಕೇಳಿದರೆ ಖಂಡಿತ ಹೇಳಿ. ಆದರೆ ‘ಇದು ಬಿ’ ಅಂತ ಹೇಳುವ ಬದಲು ‘ಇದು ಬ್ ಅಂತ ಶಬ್ದ ಮಾಡುತ್ತೆ, ನಮ್ಮ ಬಕಾರದ ಹಾಗೆ’ ಅನ್ನಿ.